ಇಳಿಜಾರಿನ ಎಚ್ಚರ

ನಮ್ಮೂರು ಅರಿಶಿನಕುಂಟೆ. ನೆಲಮಂಗಲದ ಮಗ್ಗುಲಲ್ಲಿ, ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಅಂಚಿನಲ್ಲಿದೆ. ಹೆಸರಿನಲ್ಲಿ ಅರಿಶಿನವೂ ಉಂಟು, ಕುಂಟೆಯೂ ಉಂಟು. ಆದರೆ ಹೊಸದಾಗಿ ಬಂದವರಿಗೆ ಮೊದಲು ಕಾಣುವುದು ಲಾರಿಗಳ ಸಾಲು, ಮೊದಲು ಕೇಳುವುದು ಅವುಗಳ ಹಾರನ್ನು. ಇಂಥ ಊರಿನಲ್ಲಿ ಇನ್ನೂ ಒಂದು ಯಂತ್ರದ ಸದ್ದಿಗೆ ಕಿವಿಗೊಟ್ಟು ಕಾಯುವವನು ಇದ್ದಾನೆಂದರೆ ಕೇಳುಗರಿಗೆ ನಗು ಬರಬಹುದು. ಆದರೂ ತಿಂಗಳಿಗೊಂದು ಭಾನುವಾರ, ಬೆಳಗಿನ ಐದೂವರೆಯ ಹೊತ್ತಿಗೆ, ಹೆದ್ದಾರಿ ಇನ್ನೂ ಪೂರ್ತಿ ಕಣ್ಣು ಬಿಡುವ ಮುನ್ನ, ಬೆಂಗಳೂರಿನ ಕಡೆಯಿಂದ ಪರಿಚಿತವಾದ ಒಂದು ಸದ್ದು ಬರುತ್ತದೆ. ಬಾಗಿಲು ತೆರೆಯುವ ಮೊದಲೇ ಅದು ಯಾರ ಗಾಡಿ ಎಂದು ನಾನು ಹೇಳಬಲ್ಲೆ. ಸದ್ದಿನ ಹಿಂದೆಯೇ ಸುಟ್ಟ ಎಣ್ಣೆಯ ವಾಸನೆ ಅಂಗಳಕ್ಕೆ ಬರುತ್ತದೆ. ಬಂದವರು ನನ್ನ ಗೆಳೆಯರು. ಅವರು ಏರಿ ಬಂದದ್ದು ಮೈಸೂರಿನಲ್ಲಿ ಹುಟ್ಟಿದ ಜಾವಾ, ಯೆಜ್ದಿ ಮೋಟಾರುಬೈಕುಗಳು.

ನನ್ನ ಮನೆಯ ಜಾವಾ ನಾನು ಕೊಂಡದ್ದಲ್ಲ. ತಂದೆಯವರು 1968ರಲ್ಲಿ ಕೊಂಡದ್ದು. ಅವರು ಪಶುವೈದ್ಯ ಇಲಾಖೆಯಲ್ಲಿ ಸಣ್ಣ ಹುದ್ದೆಯಲ್ಲಿದ್ದರು. ಹಸು ಈಯಲಾರದೆ ನರಳುತ್ತಿದೆ ಎಂಬ ಸುದ್ದಿ ಬಂದರೆ ರಾತ್ರಿ ಹನ್ನೆರಡಾದರೂ ಹೊರಡಬೇಕು. ನೆಲಮಂಗಲ ತಾಲ್ಲೂಕಿನ ಹಳ್ಳಿಗಳ ಗಾಡಿಜಾಡುಗಳಲ್ಲಿ ಆ ಗಾಡಿ ಓಡಾಡದ ದಾರಿಯಿಲ್ಲ. ಅದರ ಸಂಖ್ಯೆ ಇಂದಿಗೂ 'ಎಂವೈ' ಎಂಬ ಅಕ್ಷರಗಳಿಂದಲೇ ತೊಡಗುತ್ತದೆ. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದ ಗುರುತು ಅದು.

ಈ ಗಾಡಿಯ ವಂಶಾವಳಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಪ್ರಾಗ್ ನಗರದಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರುಬೈಕನ್ನು ತಯಾರಿಸುವ ಹಕ್ಕು ಪಡೆದು, ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಅದರ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಬೆಸೆದು 'ಜಾವಾ' ಎಂದು ಕರೆದ. ಮುಂದೆ ಇರಾನಿ ಮನೆತನದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. ಆಕಾಶವಾಣಿಯ ಮೈಸೂರು ನಿಲಯವೂ ಇದೇ ಯಾದವಗಿರಿಯಲ್ಲಿದೆ; ಆರ್. ಕೆ. ನಾರಾಯಣರು ಮನೆ ಕಟ್ಟಿಸಿಕೊಂಡದ್ದೂ ಅಲ್ಲಿಯೇ. ನಾದವೂ ಕಥೆಯೂ ಮೋಟಾರೂ ಒಂದೇ ಬಡಾವಣೆಯಲ್ಲಿ ನೆಲೆಸಿದ್ದವು ಎಂಬುದು ನನಗೆ ಬಲು ಇಷ್ಟವಾದ ಸಂಗತಿ. 1973ರಲ್ಲಿ ಗಾಡಿಯ ಹೆಸರು ಜಾವಾ ಹೋಗಿ ಯೆಜ್ದಿಯಾಯಿತು; ಇರಾನಿನ ಯಜ್ದ್ ಪಟ್ಟಣದ ನೆನಪಿನ ಹೆಸರು ಅದು. ಅದೇ ವರ್ಷ ನಮ್ಮ ರಾಜ್ಯವೂ ಕರ್ನಾಟಕವಾಯಿತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದೇ ಹೆಸರುಗಳನ್ನು ಹೊತ್ತ ಹೊಸ ಗಾಡಿಗಳು 2018ರಿಂದೀಚೆಗೆ ಮಧ್ಯಪ್ರದೇಶದ ಪೀತಂಪುರದಿಂದ ಬರತೊಡಗಿದವು. ಅವು ಚೆನ್ನಾಗಿಯೇ ಇವೆ. ಆದರೆ ಅವುಗಳ ಎದೆಬಡಿತ ಬೇರೆ.

ಹಳೆಯ ಜಾವಾ ಬಲು ಸರಳವಾದ ಯಂತ್ರ. ಒಂದೇ ಸಿಲಿಂಡರು, 250 ಸಿಸಿ, ಆದರೆ ಸೈಲೆನ್ಸರು ಮಾತ್ರ ಎರಡು. ಕೀಲಿಕೈಗೆ ಹಲ್ಲಿಲ್ಲ, ಮೊಳೆಯಂತಿರುತ್ತದೆ. ಕಿಕ್ಕರೂ ಗೇರೂ ಒಂದೇ ಸನ್ನೆ: ಒಳಕ್ಕೊತ್ತಿ ಹಿಂದಕ್ಕೆ ತಿರುಗಿಸಿ ಒದ್ದರೆ ಕಿಕ್ಕರು, ಮುಂದಕ್ಕೆ ತಂದರೆ ಗೇರು. ಗೇರು ಬದಲಿಸುವಾಗ ಕ್ಲಚ್ಚು ತಾನೇ ಬಿಡಿಸಿಕೊಳ್ಳುವ ಏರ್ಪಾಟೂ ಅದರಲ್ಲಿದೆ. ಇದು ಎರಡು ಹೊಡೆತದ ಎಂಜಿನ್. ಇದಕ್ಕೆ ಪ್ರತ್ಯೇಕವಾದ ಎಣ್ಣೆಯ ಕೊಪ್ಪರಿಗೆಯಿಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ನಾವು ಲೀಟರಿಗೆ ಸುಮಾರು 40 ಮಿಲಿಲೀಟರಿನಂತೆ ಹಾಕುತ್ತೇವೆ. ಎಂಜಿನ್ನಿಗೆ ಅನ್ನವೂ ನೀರೂ ಒಂದೇ ತುತ್ತಿನಲ್ಲಿ ಹೋಗುತ್ತವೆ ಎನ್ನಬಹುದು. ಈ ಮಾತನ್ನು ಕೇಳುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇಂಥ ಗಾಡಿಯನ್ನು ಇಟ್ಟುಕೊಳ್ಳುವುದೆಂದರೆ ಮನೆಯಲ್ಲಿ ವಯಸ್ಸಾದ ಹಿರಿಯರೊಬ್ಬರನ್ನು ನೋಡಿಕೊಂಡಂತೆ. ದೊಡ್ಡ ಕಾಯಿಲೆ ಅಪರೂಪ, ಸಣ್ಣ ದೂರು ದಿನವೂ. ಪಾಯಿಂಟಿನ ಸಂದು 0.4 ಮಿಲಿಮೀಟರಿರಬೇಕು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಮುನಿಸು. ಎಣ್ಣೆ ಉರಿದ ಮಸಿ ಸೈಲೆನ್ಸರಿನೊಳಗೆ ಕಟ್ಟಿಕೊಳ್ಳುತ್ತದೆ. ಅದನ್ನು ಆಗಾಗ ಬಿಚ್ಚಿ ಕೆರೆಯದಿದ್ದರೆ ಏರಿನಲ್ಲಿ ಉಬ್ಬಸ ಹತ್ತಿದವರಂತೆ ಏದುಸಿರು ಬಿಡುತ್ತದೆ. ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳನ್ನು, ಶಿವಾಜಿನಗರದ ಗುಜರಿ ಸಾಲನ್ನು ಅಲೆಯಬೇಕು. ಹೊಸದಾಗಿ ಮಾಡಿದ ಭಾಗಗಳು ಸಿಗುತ್ತವೆ, ಹೊಳೆಯುತ್ತವೆ. ಕೂರಿಸಲು ಹೋದರೆ ಅರ್ಧ ನೂಲು ಹೆಚ್ಚು ಅಥವಾ ಕಡಿಮೆ. ತುಕ್ಕು ಹಿಡಿದ ಹಳೆಯ ಭಾಗವನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಉಜ್ಜಿದಾಗ ಮಾತ್ರ ಅದು ಬಂದು ಕೂತುಕೊಳ್ಳುತ್ತದೆ.

ತಂದೆಯವರ ಕಾಲದಿಂದ ಗಾಡಿಯನ್ನು ನೋಡುತ್ತಿರುವ ಮೇಸ್ತ್ರಿಯೊಬ್ಬರು ನೆಲಮಂಗಲದಲ್ಲಿದ್ದಾರೆ. ಈಗ ಎಂಬತ್ತರ ಹತ್ತಿರ. ಅವರು ರೋಗ ಹುಡುಕುವುದು ಕಿವಿಯಿಂದ. ಉದ್ದನೆಯ ತಿರುಪುಳಿಯ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಅಷ್ಟು ಹೊತ್ತು ಗ್ಯಾರೇಜಿನಲ್ಲಿ ಯಾರೂ ಮಾತಾಡಕೂಡದು. ಆಮೇಲೆ ಹೇಳುವುದು ಎರಡೇ ಪದ: "ಬೇರಿಂಗು, ಎಡಗಡೆ." ಬಿಚ್ಚಿ ನೋಡಿದರೆ ಅದೇ ಆಗಿರುತ್ತದೆ.

ಇನ್ನು ಗೆಳೆಯರ ಮಾತು. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಕಂಪ್ಯೂಟರ್ ಕಂಪನಿಯ ಹುಡುಗನೊಬ್ಬ, ಪೀಣ್ಯದ ಕಾರ್ಖಾನೆಯಲ್ಲಿ ಲೇತು ನಡೆಸುವವರೊಬ್ಬರು, ಹೂವಿನ ವ್ಯಾಪಾರಿಯೊಬ್ಬರು. ಬೇರೆಲ್ಲಿಯೂ ಒಂದೇ ಬೆಂಚಿನ ಮೇಲೆ ಕೂರುವ ಸಂದರ್ಭ ಇವರಿಗೆ ಬರುತ್ತಿರಲಿಲ್ಲ. ನೆಲಮಂಗಲದಲ್ಲಿ ದಾರಿ ಕವಲೊಡೆಯುತ್ತದೆ. ಬಲಕ್ಕೆ ಹಿಡಿದರೆ ಶಿವಗಂಗೆ, ದೇವರಾಯನದುರ್ಗ. ಎಡಕ್ಕೆ ಹಿಡಿದರೆ ಕುಣಿಗಲ್ಲು, ಹಾಸನ, ಅದರಾಚೆಗೆ ಘಟ್ಟ. ನಮ್ಮ ಕಟ್ಟಳೆ ಒಂದೇ: ಎಲ್ಲರಿಗಿಂತ ನಿಧಾನವಾದ ಗಾಡಿಯೇ ಮುಂದಿರಬೇಕು, ಯಾರದು ಕೆಟ್ಟರೂ ಎಲ್ಲರೂ ನಿಲ್ಲಬೇಕು. ಕೆಡುವುದಂತೂ ಖಂಡಿತ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಲೋಕದ ಹಲವೆಡೆ ಜಾವಾ ದಿನವೆಂದು ಆಚರಿಸುತ್ತಾರೆ. ಅಂದು ಬೆಂಗಳೂರಿನಲ್ಲಿ ಸೇರುವ ಗಾಡಿಗಳನ್ನು ನೋಡಿದರೆ ಮುಚ್ಚಿದ ಕಾರ್ಖಾನೆಯೊಂದು ಇನ್ನೂ ನಡೆಯುತ್ತಿದೆಯೋ ಎಂಬ ಭ್ರಮೆಯಾಗುತ್ತದೆ.

ಇಂಥ ಹುಚ್ಚು ನಮ್ಮದು ಮಾತ್ರವಲ್ಲ. ಇಟಲಿಯ ಯಂತ್ರಗಳು ನಮ್ಮ ಬೀದಿಗಳಿಗೆ ಬಂದದ್ದು ಹೆಚ್ಚಾಗಿ ಲ್ಯಾಂಬ್ರೆಟ್ಟಾ, ವೆಸ್ಪಾ ಎಂಬ ಸ್ಕೂಟರುಗಳಾಗಿ. ಆದರೆ ಅಲ್ಲಿನ ಮೋಟಾರುಬೈಕುಗಳ ಕಥೆಯೇ ಬೇರೆ. ಮೊದಲ ಮಹಾಯುದ್ಧದಲ್ಲಿ ವಿಮಾನದಳದಲ್ಲಿದ್ದ ಮೂವರು ಗೆಳೆಯರು ಯುದ್ಧ ಮುಗಿದ ಮೇಲೆ ಸೇರಿ ಬೈಕು ಮಾಡಬೇಕೆಂದು ಮಾತಾಡಿಕೊಂಡಿದ್ದರಂತೆ. ಅವರಲ್ಲಿ ರವೆಲ್ಲಿ ಎಂಬಾತ 1919ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಉಳಿದ ಇಬ್ಬರು, ಕಾರ್ಲೋ ಗುಝಿ ಮತ್ತು ಜಾರ್ಜಿಯೊ ಪರೋದಿ, 1921ರಲ್ಲಿ ಮೋಟೊ ಗುಝಿ ಕಂಪನಿಯನ್ನು ತೆರೆದು, ಅಗಲಿದ ಗೆಳೆಯನ ನೆನಪಿಗೆ ರೆಕ್ಕೆ ಬಿಚ್ಚಿದ ಹದ್ದನ್ನು ಲಾಂಛನವಾಗಿಟ್ಟರು. ಕಾರ್ಲೋವಿನ ಸೋದರ ಜುಸೆಪ್ಪೆ 1928ರಲ್ಲಿ ಅದೇ ಕಂಪನಿಯ ಬೈಕಿನಲ್ಲಿ ಉತ್ತರ ನಾರ್ವೆಯವರೆಗೂ ಹೋಗಿಬಂದ. ಸರೋವರದ ದಂಡೆಯ ಮಾಂಡೆಲ್ಲೊ ಎಂಬ ಆ ಸಣ್ಣ ಊರಿಗೆ, ಕಾರ್ಖಾನೆಯ ಕೆಂಪು ಬಾಗಿಲಿಗೆ, ಹಳೆಯ ಗುಝಿಗಳ ಒಡೆಯರು ಯೂರೋಪಿನ ಮೂಲೆಮೂಲೆಯಿಂದ ತೌರಿಗೆ ಬರುವ ಹೆಣ್ಣುಮಕ್ಕಳಂತೆ ಬರುತ್ತಾರೆ. ನಮ್ಮ ಗಾಡಿಗಳಿಗೆ ಹೋಗಿ ನಿಲ್ಲಲು ಅಂಥ ತೌರಿನ ಬಾಗಿಲಿಲ್ಲ. ಇರುವುದೆಲ್ಲ ಮೇಸ್ತ್ರಿಯಂಥವರ ಕೈಯಲ್ಲಿ, ಕಿವಿಯಲ್ಲಿ.

ಕೆಲವು ವರ್ಷಗಳ ಹಿಂದೆ ನಾವು ಐವರು ಶಿರಾಡಿ ಘಟ್ಟ ಇಳಿಯಲು ಹೊರಟೆವು. ಸಕಲೇಶಪುರದವರೆಗಿನ ಸುಮಾರು 200 ಕಿಲೋಮೀಟರನ್ನು ಗಾಡಿ ಗೊಣಗದೆ ಕ್ರಮಿಸಿತು. ಘಟ್ಟದ ತಲೆಯಲ್ಲಿ ಕಾಫಿ ಕುಡಿದು, ಇನ್ನು ಇಳಿಯುವುದಷ್ಟೇ ತಾನೆ ಎಂದು ಹಗುರವಾದ ಮನಸ್ಸಿನಿಂದ ಇಳಿಯತೊಡಗಿದೆ. ಎರಡನೆಯ ಗೇರು, ಆಕ್ಸಿಲರೇಟರು ಪೂರ್ತಿ ಮುಚ್ಚಿದ್ದೆ. ಎಂಜಿನ್ನಿನ ತಡೆಯಲ್ಲೇ ಇಳಿದರೆ ಬ್ರೇಕು ಸವೆಯುವುದಿಲ್ಲ, ಪೆಟ್ರೋಲು ಉಳಿಯುತ್ತದೆ ಎಂಬ ಜಾಣತನ. ನಾಲ್ಕೈದು ಮೈಲಿ ಇಳಿದಿರಬಹುದು. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಯಾರೋ ಕೈಯಲ್ಲಿ ಹಿಡಿದಂತೆ ನಿಂತುಹೋಯಿತು. ಗಾಡಿ ಅಡ್ಡಡ್ಡ ಜಾರಿತು. ಎದುರಿನಿಂದ ಲಾರಿ ಬರುತ್ತಿತ್ತು. ಕ್ಲಚ್ಚು ಹಿಡಿದದ್ದು ನಾನೋ ನನ್ನ ಕೈಯೋ ತಿಳಿಯದು. ಚಕ್ರ ಬಿಡಿಸಿಕೊಂಡಿತು, ಗಾಡಿ ರಸ್ತೆಯ ಅಂಚಿನ ಕಲ್ಲಿಗೆ ತಾಗಿ ನಿಂತಿತು. ಆಚೆಗೆ ಕಣಿವೆ.

ಆದದ್ದಿಷ್ಟು. ಈ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೆ. ಪೆಟ್ರೋಲು ಮುಚ್ಚಿದರೆ ಎಣ್ಣೆಯೂ ಮುಚ್ಚಿದಂತೆ. ಇಳಿಜಾರಿನಲ್ಲಿ ಚಕ್ರ ನೂಕುತ್ತಿರುವುದರಿಂದ ಪಿಸ್ಟನ್ನು ಮಾತ್ರ ವೇಗವಾಗಿ ಓಡುತ್ತಲೇ ಇರುತ್ತದೆ, ಒಣಗಂಟಲಿನಲ್ಲಿ. ಅದು ಅಲ್ಯುಮಿನಿಯಮ್ಮಿನದು, ಕಾದರೆ ಸುತ್ತಲಿನ ಬೀಡುಕಬ್ಬಿಣದ ಬೋರಿಗಿಂತ ಬೇಗ ಹಿಗ್ಗುತ್ತದೆ. ಹಿಗ್ಗಿ ಕಚ್ಚಿಕೊಳ್ಳುತ್ತದೆ.

ಆ ಕಲ್ಲಿನ ಮೇಲೆ ಕುಳಿತು ಗಾಡಿ ಆರುವುದನ್ನು ಕಾಯುತ್ತಿದ್ದಾಗ ನನಗೆ ದೇವರಾಯನದುರ್ಗದ ಒಂದು ಇಳಿಜಾರು ನೆನಪಾಯಿತು. ಆಗ ನನಗೆ ಎಂಟೋ ಒಂಬತ್ತೋ ವಯಸ್ಸು. ತಂದೆಯವರ ಹಿಂದೆ ಕುಳಿತಿದ್ದೆ. ಅವರು ಬಲು ಕೈಬಿಗಿ ಮನುಷ್ಯ. ಬೆಂಕಿಕಡ್ಡಿಯನ್ನೂ ಎಣಿಸಿ ಗೀರುವವರು. ಅಂಥವರು ಇಳಿಜಾರಿನಲ್ಲಿ, ಗಾಡಿ ತಾನಾಗಿ ಓಡುತ್ತಿರುವಾಗ, ಆಗಾಗ ಸುಮ್ಮಸುಮ್ಮನೆ ಆಕ್ಸಿಲರೇಟರು ತಿರುವುತ್ತಿದ್ದರು. "ಪೆಟ್ರೋಲು ದಂಡ ಅಲ್ವಾ ಅಪ್ಪ?" ಎಂದು ಕೇಳಿದ್ದೆ. "ಅದಕ್ಕೂ ಬಾಯಾರುತ್ತೆ ಕಣೋ" ಎಂದಿದ್ದರು. ಮಾತಿನ ಚಮತ್ಕಾರವೆಂದು ನಾನು ನಕ್ಕಿದ್ದೆ. ಅದರ ಅರ್ಥ ತಿಳಿಯಲು ನನಗೆ ಅಷ್ಟು ವರ್ಷ ಬೇಕಾಯಿತು. ಒಂದು ಲಾರಿಯೂ ಒಂದು ಕಣಿವೆಯೂ ಬೇಕಾದವು.

ಗಾಡಿಯನ್ನು ಟೆಂಪೋದಲ್ಲಿ ಹೇರಿ ತಂದೆವು. ಮೇಸ್ತ್ರಿ ಪಿಸ್ಟನ್ನು ಹೊರತೆಗೆದು, ಅದರ ಮೈಮೇಲಿನ ಗೀರುಗಳನ್ನು ಹೆಬ್ಬೆರಳಿನಿಂದ ಸವರಿ ಹೇಳಿದರು: "ಏರುವಾಗ ಗಾಡಿ ತಾನೇ ಹೇಳುತ್ತೆ ಕಷ್ಟ ಅಂತ. ಇಳಿಯುವಾಗ ಹೇಳಲ್ಲ. ನಾವೇ ಕೇಳಬೇಕು." ಆ ಬೋರನ್ನು ಹಿಂದೆಯೇ ಹಲವು ಸಲ ಕೊರೆಸಿ ಅಗಲಿಸಿ ಆಗಿತ್ತು, ಇನ್ನು ಸ್ಲೀವು ಹಾಕಿಸುವುದೇ ಗತಿ. ಅದೇ ಸಮಯಕ್ಕೆ ನಗರದಿಂದ ಒಬ್ಬರು ಬಂದು, ಎಂಜಿನ್ನು ಹಾಗೆಯೇ ಕೆಟ್ಟಿರಲಿ, ಬಣ್ಣ ಹೊಳೆದರೆ ಸಾಕು, ತಮ್ಮ ಹೋಟೆಲಿನ ಗೋಡೆಗೆ ಏರಿಸುತ್ತೇನೆಂದು ಒಳ್ಳೆಯ ಬೆಲೆಯನ್ನೇ ಹೇಳಿದರು. ನಾನು ಎರಡು ದಿನ ಯೋಚಿಸಿದೆನೆಂದು ಒಪ್ಪಿಕೊಳ್ಳಲೇಬೇಕು.

ಕಾನೂನಿನ ಪ್ರಶ್ನೆಯೂ ಇತ್ತು. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳನ್ನು ಪಾರಂಪರಿಕ ವಾಹನಗಳೆಂದು ನೋಂದಾಯಿಸುವ ನಿಯಮ ತಂದಿತು. ಗೌರವವೇನೋ ದೊಡ್ಡದು, ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ ಮುಂತಾದ ಗೊತ್ತಾದ ಕಾರಣಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಾಮಾನ್ಯ ನೋಂದಣಿಯಲ್ಲಿಯೇ ಉಳಿಸಿಕೊಂಡರೆ ಐದೈದು ವರ್ಷಕ್ಕೆ ತಪಾಸಣೆ, ಹೊಗೆಯ ಪರೀಕ್ಷೆ, ಅಲೆದಾಟ. ಎರಡು ದಾರಿಗಳನ್ನೂ ಮನೆಯಲ್ಲಿ ವಿವರಿಸಿದೆ. ಮಗಳು ಕೇಳಿದಳು: "ಓಡಿಸದೇ ಇಟ್ಟುಕೊಂಡರೆ ಅದು ತಾತನ ಗಾಡಿಯಾ ಅಪ್ಪ, ತಾತನ ಫೋಟೋನಾ?" ಫೋಟೋ ಗೋಡೆಯ ಮೇಲೆ ಆಗಲೇ ಇತ್ತು. ನಾನು ಅಲೆದಾಟವನ್ನೇ ಆರಿಸಿಕೊಂಡೆ.

ಹೊಗೆಯ ವಿಚಾರದಲ್ಲಿ ಮಾತ್ರ ನಾನು ಜಾಣತನದ ವಾದ ಹೂಡಲಾರೆ. ಎಣ್ಣೆಯನ್ನು ಸುಟ್ಟು ಗಾಳಿಗೆ ಬಿಡುವ ಎಂಜಿನ್ ಇದು. ಹೆದ್ದಾರಿಯ ಲಾರಿಗಳು ಹೆಚ್ಚು ಬಿಡುತ್ತವೆ ಎಂಬುದು ಉತ್ತರವಾಗುವುದಿಲ್ಲ. ಪಕ್ಕದ ಮನೆಯಲ್ಲಿ ಉಬ್ಬಸವಿರುವ ಮಗುವಿದೆ. ಆದ್ದರಿಂದ ಗಾಡಿಯನ್ನು ಹೆದ್ದಾರಿಯವರೆಗೂ ತಳ್ಳಿಕೊಂಡು ಹೋಗಿ ಅಲ್ಲಿ ಒದೆಯುತ್ತೇನೆ. ತಿಂಗಳಿಗೊಂದು ಸಲ, ಹೆಚ್ಚಿಲ್ಲ. ಪ್ರೀತಿಗೂ ಒಂದು ಲೆಕ್ಕ ಇರಬೇಕೆಂದು ತಂದೆಯವರಾದರೂ ಹೇಳುತ್ತಿದ್ದರು.

ಮೇಸ್ತ್ರಿಯ ಕೈ ಈಗ ನಡುಗುತ್ತದೆ. ಪಾಯಿಂಟಿನ ಸಂದನ್ನು ಅವರು ಹೊಂದಿಸಲಾರರು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ನನ್ನ ಮಗಳಿಗೆ ಹೇಳಿಕೊಡುತ್ತಾರೆ. ಮೊನ್ನೆ ಅವಳು ತಿರುಪುಳಿಯ ಹಿಡಿಯನ್ನು ಕಿವಿಗಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದಳು. "ಏನು ಕೇಳಿಸ್ತಮ್ಮ?" ಎಂದರು. "ಏನೂ ಕೇಳಿಸ್ತಿಲ್ಲ ತಾತ" ಎಂದಳು. ಮೇಸ್ತ್ರಿ ತಲೆದೂಗಿದರು: "ಹಾಗಾದ್ರೆ ಸರಿಯಾಗಿದೆ. ಇದನ್ನ ನೆನಪಿಟ್ಕೊ."

ಬರುವ ಭಾನುವಾರ ನಾವು ದೇವರಾಯನದುರ್ಗಕ್ಕೆ ಹೊರಟಿದ್ದೇವೆ. ಏರುವುದರ ಬಗ್ಗೆ ನನಗೆ ಚಿಂತೆಯಿಲ್ಲ.