ಓಣಿ ಹೋಯಿತು, ಓಣಿಯ ಮಾತು ಹೋಗಬಾರದು!

(ಬೆಂಗಳೂರಿನಲ್ಲಿ ನೆಲೆಸಿರುವ ಹಳೇ ಬಾಗಲಕೋಟೆಯ ಕುಟುಂಬಗಳು ಒಂದೆಡೆ ಸೇರಿದಾಗ, ಮುದ್ರಣಾಲಯದ ಮಾಲೀಕರೊಬ್ಬರು ಯುವಜನರನ್ನು ಉದ್ದೇಶಿಸಿ ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಹ್ಯಾಂಡ್‌ಬಿಲ್ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಬೆಳಗಿನಿಂದ ಈ ವೇದಿಕೆಯಲ್ಲಿ ಹಿರಿಯರು ಒಬ್ಬರ ನಂತರ ಒಬ್ಬರು ಬಾಲ್ಯದ ನೆನಪು ಹೇಳಿದರು. ನೀವು ಚಪ್ಪಾಳೆ ತಟ್ಟಿದಿರಿ. ಆದರೆ ನಿಮ್ಮ ಮುಖದಲ್ಲಿ ಒಂದು ಪ್ರಶ್ನೆ ಇತ್ತು: 'ಇದರಿಂದ ನಮಗೇನು?' ನ್ಯಾಯವಾದ ಪ್ರಶ್ನೆ! ಅದಕ್ಕೆ ಉತ್ತರ ಕೊಡಲೆಂದೇ ನಿಂತಿದ್ದೇನೆ.

ಊರು ಬಿಟ್ಟವರೆಲ್ಲ ಊರನ್ನು ನೆನೆಯುತ್ತಾರೆ. ರಜೆ ಬಂದರೆ ಬಸ್ಸು ಹತ್ತಿ ಹೋಗಿ ನೋಡಿಯೂ ಬರುತ್ತಾರೆ. ನಮ್ಮ ಪಾಡು ಹಾಗಲ್ಲ. ನಮ್ಮಲ್ಲಿ ಅರ್ಧ ಜನಕ್ಕೆ ಹೋಗಿ ನೋಡಲು ಆ ಮನೆ ಇಲ್ಲ, ಆ ಓಣಿಯೂ ಇಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಹಾಕಿದರು. ಅಣೆಕಟ್ಟು ಏಳುವಷ್ಟರಲ್ಲಿ ನಲವತ್ತು ವರ್ಷ ಕಳೆಯಿತು. ನೀರು 519.60 ಮೀಟರಿಗೆ ನಿಂತಾಗ ಅದು ಘಟಪ್ರಭೆಯ ಮಡಿಲಿನಲ್ಲಿ ಹಿಂದಕ್ಕೆ ಸರಿದು ನಮ್ಮ ಊರಿನ ತಗ್ಗಿನ ಓಣಿಗಳಿಗೆ ಬಂತು. ಜನ ಗಂಟುಮೂಟೆ ಕಟ್ಟಿ ನವನಗರಕ್ಕೆ ಹೋದರು. ಕೆಲವರು ಹುಬ್ಬಳ್ಳಿಗೆ, ಕೆಲವರು ಪುಣೆಗೆ, ನಾವು ಇಲ್ಲಿಗೆ.

ನೀರು ಬೇಡವಾಗಿತ್ತು ಎಂದು ಹೇಳಲು ನಾನು ನಿಂತಿಲ್ಲ. ಬರದ ನಾಡು ನಮ್ಮದು. ಆ ನೀರಿನಿಂದ ಎಷ್ಟೋ ರೈತರ ಹೊಲ ಹಸಿರಾಗಿದೆ, ಅದು ಸಣ್ಣ ಮಾತಲ್ಲ. ನಾನು ಕೇಳುವುದು ಇಷ್ಟೇ: ಮನೆಗೆ ಅಳತೆ ಹಿಡಿದರು, ಬೆಲೆ ಕಟ್ಟಿದರು, ಪರಿಹಾರ ಕೊಟ್ಟರು. ಓಣಿಯ ಮಾತಿಗೆ ಅಳತೆ ಹಿಡಿದವರು ಯಾರು?

ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ಇವು ಬರೀ ವಿಳಾಸಗಳಲ್ಲ. ಹೋಳಿ ಹುಣ್ಣಿಮೆ ಬಂತೆಂದರೆ ಈ ಒಂದೊಂದು ಹೆಸರೂ ಒಂದೊಂದು ಪಡೆ. ಬಣ್ಣ ತುಂಬಿದ ಬ್ಯಾರಲ್ಲುಗಳನ್ನು ಬಂಡಿಯ ಮೇಲೆ ಹೇರಿಕೊಂಡು ಓಣಿಯವರು ಓಣಿಯವರ ಮೇಲೆ ಏರಿ ಹೋಗುತ್ತಿದ್ದರು. ರಾತ್ರಿಯೆಲ್ಲ ಹಲಗಿ. ಕೋಲ್ಕತ್ತ ಬಿಟ್ಟರೆ ನಮ್ಮೂರಿನದೇ ಹೋಳಿ ಎಂದು ನಮ್ಮವರು ಇಂದಿಗೂ ಎದೆ ತಟ್ಟಿ ಹೇಳುತ್ತಾರೆ. ನವನಗರದಲ್ಲಿ ರಸ್ತೆ ಅಗಲ, ಚರಂಡಿ ನೇರ, ಎಲ್ಲ ಸರಿ. ಆದರೆ ಅಲ್ಲಿ ವಿಳಾಸ ಕೇಳಿದರೆ 'ಸೆಕ್ಟರ್ ನಂಬರ್' ಹೇಳುತ್ತಾರೆ. ನಂಬರಿಗೆ ಅಜ್ಜ ಇಲ್ಲ, ಅಜ್ಜಿ ಇಲ್ಲ, ಜಗಳವೂ ಇಲ್ಲ!

ಇನ್ನು ನಮ್ಮ ಹಿರಿಯರ ಬಗ್ಗೆ ಒಂದು ದೂರು. ಸಿಟ್ಟಾಗಬೇಡಿ.

ಸ್ಮರಣ ಸಂಚಿಕೆ ಮಾಡಿಸಲು ನನ್ನ ಪ್ರೆಸ್ಸಿಗೆ ಊರಿನ ಗೆಳೆಯರು ಬರುತ್ತಾರೆ. ಚಹಾ ಕುಡಿಯುತ್ತ ಊರಿನ ಸುದ್ದಿ ತೆಗೆದರೆ ಒಂದು ತಾಸು ಬಾಯಿ ಮುಚ್ಚುವುದಿಲ್ಲ. ಚಿಣಿಫಣಿ ಆಡಿ ಹಣೆ ಒಡೆದುಕೊಂಡದ್ದು, ಮಣ್ಣೆತ್ತಿನ ಅಮಾಸಿಗೆ ಹೊಳೆದಂಡೆಯ ಮಣ್ಣು ಕದ್ದು ತಂದದ್ದು, ಆಷಾಢದ ಮಂಗಳವಾರ ಅಕ್ಕಂದಿರು ಗುಳ್ಳವ್ವನನ್ನು ಕೂರಿಸಿದ್ದು, ಕಾರಹುಣ್ಣಿಮೆಗೆ ಯಾವ ಬಣ್ಣದ ಎತ್ತು ಕರಿ ಹರಿದರೆ ಮುಂಗಾರಿ, ಯಾವುದು ಹರಿದರೆ ಹಿಂಗಾರಿ ಎಂದು ಪಂದ್ಯ ಕಟ್ಟಿದ್ದು. ಕೇಳುತ್ತಿದ್ದರೆ ಊರು ಕಣ್ಣಮುಂದೆ ಬಂದು ನಿಲ್ಲುತ್ತದೆ. ಆಮೇಲೆ ಬರೆದು ತಂದ ಕಾಗದ ಕೊಡುತ್ತಾರೆ. ಅದರಲ್ಲಿ ಏನಿರುತ್ತದೆ? 'ನಮ್ಮ ಬಾಲ್ಯವು ಅತ್ಯಂತ ಆನಂದದಾಯಕವಾಗಿತ್ತು. ಆ ದಿನಗಳು ಮರಳಿ ಬಾರವು.' ಮುಗಿಯಿತು! ಬಾಯಲ್ಲಿದ್ದ ಊರು ಕಾಗದಕ್ಕೆ ಬರುವಷ್ಟರಲ್ಲಿ ಎರಡನೇ ಸಲ ಮುಳುಗಿತು.

ಒಬ್ಬರು 'ಧಾನ್ಯ ಸಂಗ್ರಹಾಗಾರ' ಎಂದು ಬರೆದು ತಂದಿದ್ದರು. ಏನಿದು ಎಂದು ಕೇಳಿದೆ. 'ಅದs ಮಾರಾಯಾ, ಹಗೇವು' ಎಂದರು. ಹಾಗಂತಲೇ ಬರೀರಿ ಅಂದೆ. 'ಅಚ್ಚಿನಾಗ ಚಂದ ಕಾಣಂಗಿಲ್ಲೋ' ಎಂದರು.

ತರುಣರೆ, ಹಗೇವು ಎಂದರೇನು ಗೊತ್ತೆ? ನೆಲದೊಳಗಿನ ಜೋಳದ ಗುಂಡಿ. ಮೇಲೆ ಒಬ್ಬ ಆಳು ಇಳಿಯುವಷ್ಟೇ ಬಾಯಿ, ಒಳಗೆ ಅಗಲ. ಸುತ್ತಲೂ ಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಗಾಳಿ ಇಲ್ಲದ ಕಡೆ ಹುಳ ಬದುಕುವುದಿಲ್ಲವಲ್ಲ! ತೆಗೆಯುವಾಗ ಮಾತ್ರ ಎಚ್ಚರ ಬೇಕು. ಬಾಯಿ ತೆರೆದು ಕಾವು ಹೋಗಲು ಬಿಡಬೇಕು. ಆಮೇಲೆ ಕಂದೀಲು ಕಟ್ಟಿ ಇಳಿಬಿಟ್ಟು ನೋಡಬೇಕು. ದೀಪ ಆರಿತೋ, ಮನುಷ್ಯ ಇಳಿಯುವಂತಿಲ್ಲ. ಇಳಿದರೆ ಹೆಣವಾಗಿ ಬರುತ್ತಾನೆ. ಇದನ್ನು ಯಾವ ಕಾಲೇಜಿನಲ್ಲೂ ಓದದ ನಮ್ಮ ಅಜ್ಜಂದಿರು ಬಲ್ಲವರಾಗಿದ್ದರು. ಬರಗಾಲದಲ್ಲಿ ಊರನ್ನು ಉಳಿಸಿದ ವಿದ್ಯೆ ಅದು. ಆ ವಿದ್ಯೆಯೆಲ್ಲ ಹಗೇವು ಎಂಬ ಮೂರಕ್ಷರದೊಳಗೆ ಕುಳಿತಿದೆ. 'ಧಾನ್ಯ ಸಂಗ್ರಹಾಗಾರ' ಎಂದರೆ ಅದರೊಳಗೆ ಏನಿದೆ? ತಗಡಿನ ಶೆಡ್ಡು ಮಾತ್ರ.

ಹಾಗೆಯೇ ಮಾಳಿಗೆ ಮನೆ. ದಪ್ಪ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣು. ಒಳಗೆ ಬೆಳಕು ಬರಲು ಬೆಳಕಿಂಡಿ. ಮನೆ ಎಷ್ಟು ದೊಡ್ಡದು ಎಂದರೆ ಚದರಡಿ ಹೇಳುತ್ತಿರಲಿಲ್ಲ, ಇಷ್ಟು ಅಂಕಣ ಎನ್ನುತ್ತಿದ್ದರು. ಮಳೆಗೆ ಸೋರಿದರೆ ಸವಳು ಮಣ್ಣು ಹಾಕಿ ತುಳಿಯುತ್ತಿದ್ದರು. ಬೇಸಿಗೆಯಲ್ಲಿ ಓಣಿಗೆ ಓಣಿಯೇ ಮಾಳಿಗೆಯ ಮೇಲೆ ಮಲಗುತ್ತಿತ್ತು. ತೊಲೆ, ಜಂತಿ, ಅಂಕಣ, ಸವಳು. ಇಲ್ಲಿ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ನಿಮಗೆ ಈ ಪದಗಳು ಬೇಕಾಗಿಲ್ಲ, ನಿಜ. ಆದರೆ ನಾಳೆ ಬಿಸಿಲಿಗೆ ತಣ್ಣಗಿರುವ ಮನೆ ಕಟ್ಟಬೇಕೆಂದು ನಿಮ್ಮಲ್ಲೇ ಒಬ್ಬ ಇಂಜಿನಿಯರ್ ಹೊರಟರೆ, ಆತ ಯಾರನ್ನು ಕೇಳಬೇಕು?

ಇನ್ನೊಂದು ಮಾತು. ನೆನಪು ಎಂದರೆ ಬರೀ ಬೆಲ್ಲವಲ್ಲ. ಕಳೆದ ಸಲ ನಾವು ಸೇರಿದಾಗ ಎಲ್ಲರೂ ಹಬ್ಬ, ಜಾತ್ರೆ, ಹೊಳೆಯ ಈಜು ಎಂದು ಕುಣಿಯುತ್ತಿದ್ದೆವು. ಮೂಲೆಯಲ್ಲಿ ಕೂತಿದ್ದ ವಯಸ್ಸಾದ ತಾಯಿಯೊಬ್ಬರು ಹೇಳಿದರು: 'ನಿಮಗ ಹಬ್ಬ ನೆನಪೈತಿ, ನನಗ ಕೊಡ ನೆನಪೈತಿ.' ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಆ ತಾಯಿ ಎಷ್ಟು ನಡೆದಿದ್ದರೋ! ಕೇರಿಯ ಹೆಣ್ಣುಮಗಳು ಬಾವಿಯ ಹತ್ತಿರ ಕೊಡ ಇಟ್ಟು, ಯಾರಾದರೂ ಸೇದಿ ಹಾಕಲಿ ಎಂದು ಬಿಸಿಲಲ್ಲಿ ಕಾಯುತ್ತ ನಿಲ್ಲುತ್ತಿದ್ದುದನ್ನು ನನ್ನ ಅವ್ವ ತನ್ನ ತವರಿನಲ್ಲಿ ಕಣ್ಣಾರೆ ಕಂಡಿದ್ದಳು. ಹೋಳಿಯಲ್ಲಿ ಎಲ್ಲರ ಕೈಗೂ ಹಲಗಿ ಬರುತ್ತಿತ್ತು. ಉಳಿದ ದಿನ ಅದೇ ಹಲಗಿ ಬಾರಿಸುವವನನ್ನು ಹೊಸ್ತಿಲ ಹೊರಗೆ ನಿಲ್ಲಿಸುತ್ತಿದ್ದರು. ಇದನ್ನೂ ಬರೆಯಬೇಕು. ಇದನ್ನು ಬಿಟ್ಟು ಬರೆದರೆ ಅದು ಊರಿನ ನೆನಪಲ್ಲ, ಲಗ್ನಪತ್ರಿಕೆ. ಅದರಲ್ಲಿ ಎಲ್ಲರೂ ಚಿರಂಜೀವಿಗಳು, ಎಲ್ಲರೂ ಸೌಭಾಗ್ಯವತಿಯರು!

'ಪದಗಳೆಲ್ಲ ನಿಘಂಟಿನಲ್ಲಿ ಇರುತ್ತವೆ ಬಿಡಿ' ಎನ್ನಬಹುದು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟು ತಂದಿತು. 1995ರಲ್ಲಿ ಕೊನೆಯ ಸಂಪುಟ ಬಂತು. ಹೆಮ್ಮೆಯ ಕೆಲಸ. ಆದರೆ ಆ ಪಂಡಿತರು ಪದ ಆರಿಸಿದ್ದು ಎಲ್ಲಿಂದ? ಶಾಸನಗಳಿಂದ, ಕಾವ್ಯಗಳಿಂದ, ಅಚ್ಚಾದ ಪುಸ್ತಕಗಳಿಂದ. ಅಂದರೆ ಯಾರೋ ಒಬ್ಬರು ಬರೆದಿಟ್ಟದ್ದು ಉಳಿಯಿತು. ಬರೆಯದ ಪದ ಆಡುವವರ ಜೊತೆಗೇ ಹೋಗುತ್ತದೆ. ಕನ್ನಡಕ್ಕೆ ಹೊರಗಿನಿಂದ ಏನು ಬಂದೀತು ಎಂದು ಹೆದರುವವರು, ನಮ್ಮ ಮನೆಯ ಪಡಸಾಲೆಯಿಂದಲೇ ಎಷ್ಟು ಕನ್ನಡ ಹೊರಟುಹೋಗುತ್ತಿದೆ ಎಂದೂ ಲೆಕ್ಕ ಇಡಬೇಕು.

ಕೆಲಸಕ್ಕೆ ಅವಸರವೂ ಇದೆ. 2010ರಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ ಆಲಮಟ್ಟಿಯ ನೀರನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿದೆ. ಆ ಮಟ್ಟ ಇನ್ನೂ ಏರಿಲ್ಲ. ಏರಿದ ದಿನ ಇನ್ನಷ್ಟು ಹಳ್ಳಿಗಳು, ಹಳೇ ಊರಿನಲ್ಲಿ ಉಳಿದಿರುವ ಇನ್ನಷ್ಟು ಓಣಿಗಳು ಖಾಲಿಯಾಗುತ್ತವೆ. ನಮ್ಮ ಪಾಲಿಗೆ ಹೋದದ್ದು ಹೋಯಿತು. ಅವರ ಪಾಲಿಗೆ ಇನ್ನೂ ಹೊತ್ತಿದೆ.

ಆದ್ದರಿಂದ ನಿಮ್ಮಿಂದ ನನಗೆ ಬೇಕಾದದ್ದು ಚಪ್ಪಾಳೆಯಲ್ಲ. ಮುಂದಿನ ಭಾನುವಾರ ನಿಮ್ಮ ಅಜ್ಜ, ಅಜ್ಜಿ, ದೊಡ್ಡಪ್ಪ, ಸೋದರತ್ತೆ, ಯಾರಿದ್ದಾರೋ ಅವರ ಮುಂದೆ ಕೂರಿ. ಫೋನಿನಲ್ಲಿ ದನಿ ಹಿಡಿಯಿರಿ. 'ಆಗ ಹೇಗಿತ್ತು?' ಎಂದು ಕೇಳಬೇಡಿ, 'ಚಂದ ಇತ್ತಪ್ಪ' ಎಂದು ಹೇಳಿ ಸುಮ್ಮನಾಗುತ್ತಾರೆ. ನಾಲ್ಕೇ ಪ್ರಶ್ನೆ ಕೇಳಿ: ಅದಕ್ಕೆ ಏನಂತಿದ್ದಿರಿ? ಅದು ಎಲ್ಲಿತ್ತು? ಅದನ್ನು ಹೇಗೆ ಮಾಡುತ್ತಿದ್ದಿರಿ? ಅಲ್ಲಿಗೆ ಯಾರು ಬರುವಂತಿರಲಿಲ್ಲ? ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ. 'ಐತಿ' ಎಂದರೆ 'ಐತಿ' ಎಂದೇ ಇರಲಿ. ಅದನ್ನು 'ಇದೆ' ಎಂದು ತಿದ್ದುವ ಹಕ್ಕು ನಿಮಗಿಲ್ಲ, ನನಗೂ ಇಲ್ಲ. ಅರ್ಥ ತಿಳಿಯದವರಿಗೆ ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಟ್ಟರಾಯಿತು.

ಹತ್ತು ಮನೆಯವರು ಹೀಗೆ ಬರೆದು ತಂದರೆ ಒಂದು ಫಾರಂ, ಅಂದರೆ 16 ಪುಟದ ಪುಸ್ತಕವಾಗುತ್ತದೆ. ಕಾಗದದ ಖರ್ಚು ನೀವು ಕೂಡಿಸಿ. ಕಂಪೋಸಿಂಗ್, ಅಚ್ಚು ನನ್ನದು. ಕರಡು ತಿದ್ದಲು ಮಾತ್ರ ನೀವೇ ಬರಬೇಕು. ಏಕೆಂದರೆ ಒಂದು ಪದವನ್ನು ಕಣ್ಣಿಟ್ಟು ತಿದ್ದಿದವನು ಅದನ್ನು ಸಾಯುವವರೆಗೆ ಮರೆಯುವುದಿಲ್ಲ. ಇದು ನನ್ನ ಕಸುಬು ಕಲಿಸಿದ ಪಾಠ.

ಪ್ರೆಸ್ಸಿನ ಬಾಗಿಲು ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಚಹಾ ಇರುತ್ತದೆ. ಬನ್ನಿ.