ಬೀದಿಯಲ್ಲಿ ಪತ್ರಿಕೆ ಮಾರುವವನೂ ದುಡಿಮೆಗಾರನೇ



ಮನೆಯಿಲ್ಲದವನಿಗೆ ಕೆಲಸ ಕೊಡುವವರು ಕಡಿಮೆ. ವಿಳಾಸ ಕೇಳುತ್ತಾರೆ, ಅವನಿಗೆ ವಿಳಾಸವಿಲ್ಲ. ಕೆಲಸವಿಲ್ಲದ ಕಾರಣ ಬಾಡಿಗೆ ಕೊಡಲಾರ. ಮನೆಯಿಲ್ಲದ ಕಾರಣ ಕೆಲಸ ಸಿಗದು. ಈ ಗಂಟನ್ನು ಸಡಿಲಿಸಲು ಲಂಡನಿನಲ್ಲಿ ಆರಂಭವಾದ ಒಂದು ಪ್ರಯತ್ನದ ಕುರಿತು ಇಂದು ಆಲೋಚಿಸೋಣ.

ನ್ಯೂಯಾರ್ಕಿನ ಮನೆಯಿಲ್ಲದವರು 'ಸ್ಟ್ರೀಟ್ ನ್ಯೂಸ್' ಎಂಬ ಪತ್ರಿಕೆ ಮಾರುವುದನ್ನು ಗಾರ್ಡನ್ ರಾಡಿಕ್ ಎಂಬವರು ಕಂಡರು. ಎಳೆಯ ಪ್ರಾಯದಲ್ಲಿ ಬೀದಿಯಲ್ಲಿ ಮಲಗಿದ್ದ, ಸೆರೆಮನೆಯನ್ನೂ ಕಂಡಿದ್ದ ಜಾನ್ ಬರ್ಡ್ ಅವರೊಡನೆ ಸೇರಿ 1991ರಲ್ಲಿ 'ದಿ ಬಿಗ್ ಇಶ್ಯೂ' ಪತ್ರಿಕೆಯನ್ನು ಹೊರಡಿಸಿದರು.

ಅದರ ಕ್ರಮ ಸರಳವಾದದ್ದು. ಹೊಸಬನಿಗೆ ಮೊದಲು ಕೆಲವು ಪ್ರತಿಗಳನ್ನು ಉಚಿತವಾಗಿ ಕೊಡುತ್ತಾರೆ. ಅವನ್ನು ಮಾರಿ ಬಂದ ಹಣದಿಂದ ಮುಂದಿನ ಪ್ರತಿಗಳನ್ನು ಅವನೇ ಕೊಳ್ಳಬೇಕು. 2023ರಲ್ಲಿ ಪತ್ರಿಕೆಯ ಬೆಲೆ 4 ಪೌಂಡ್. ಮಾರುವವನು ಕೊಡಬೇಕಾದ ಅಸಲು 2 ಪೌಂಡ್. ಗುರುತಿನ ಚೀಟಿ ಧರಿಸಿ, ತನಗೆ ಗೊತ್ತುಮಾಡಿದ ಸ್ಥಳದಲ್ಲಿ ನಿಲ್ಲಬೇಕು. ಕುಡಿದು ಮಾರುವಂತಿಲ್ಲ, ಚೀಟಿ ಧರಿಸಿ ಭಿಕ್ಷೆ ಬೇಡುವಂತಿಲ್ಲ.

ಲೆಕ್ಕ ಹಾಕಿ ನೋಡೋಣ. 20 ಪ್ರತಿಗಳಿಗೆ 40 ಪೌಂಡ್ ಅಸಲು. ಎಲ್ಲವೂ ಮಾರಿಹೋದರೆ 40 ಪೌಂಡ್ ಗಳಿಕೆ. ಮಳೆ ಹಿಡಿದು 8 ಮಾತ್ರ ಹೋದರೆ ಕೈಗೆ ಬರುವುದು 32 ಪೌಂಡ್. ಉಳಿದ ಪ್ರತಿಗಳನ್ನು ಯಾರೂ ಹಿಂದಕ್ಕೆ ಕೊಳ್ಳುವುದಿಲ್ಲ. ನಾಳೆಗೆ ಎಷ್ಟು ಕೊಳ್ಳಲಿ, ಎಷ್ಟು ಕೂಡಿಡಲಿ ಎಂದು ಅವನು ಯೋಚಿಸಲೇಬೇಕು. ಇಂದಿನ ಊಟವನ್ನು ಮಾತ್ರ ನೆನೆಯುತ್ತಿದ್ದವನು ನಾಳೆಯನ್ನೂ ನೆನೆಯತೊಡಗುತ್ತಾನೆ. ದಿನವೂ ಒಂದೇ ಕಡೆ ನಿಂತುದರಿಂದ ದಾರಿಹೋಕರು ಗಿರಾಕಿಗಳಾಗುತ್ತಾರೆ, ಹೆಸರು ಹಿಡಿದು ಮಾತಾಡಿಸುತ್ತಾರೆ.

ಆದರೆ ದುಡಿಯುವವರಾದ ನಾವು ಇದರ ಇನ್ನೊಂದು ಮುಖವನ್ನೂ ಕಾಣಬೇಕು. ಇಲ್ಲಿ ಗೊತ್ತಾದ ಕೂಲಿಯಿಲ್ಲ, ಕಾಯಿಲೆಯ ರಜೆಗೆ ಸಂಬಳವಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಬ್ರಿಟನ್ನಿನ ಬೀದಿಗಳು ಬರಿದಾದಾಗ ಇವರ ದುಡಿಮೆಯೂ ನಿಂತುಹೋಯಿತು. ಪತ್ರಿಕೆಯವರು ಅಂಗಡಿಗಳಲ್ಲಿ ಮಾರಿಸಿ, ಚಂದಾದಾರರನ್ನು ಕೂಡಿಸಿ ಇವರಿಗೆ ನೆರವಾಗಬೇಕಾಯಿತು. ಪತ್ರಿಕೆ ಮಾರಾಟವು ಏಣಿಯ ಮೊದಲ ಮೆಟ್ಟಿಲು, ಅದೇ ಮನೆಯಲ್ಲ. ಬಾಡಿಗೆಗೆ ಎಟಕುವ ಮನೆಗಳನ್ನು ಕಟ್ಟಿಸುವ ಹೊಣೆ ಸರಕಾರದ್ದಾಗಿಯೇ ಉಳಿಯುತ್ತದೆ.

ಹಾಗಾದರೆ ಇದು ನಿಜವಾದ ದುಡಿಮೆಯೇ? ಬ್ರಿಸ್ಟಲಿನಲ್ಲಿ ಈ ಪತ್ರಿಕೆಯನ್ನು ಮಾರುತ್ತಿದ್ದ ಒಬ್ಬ ತಾಯಿಯ ಬಾಡಿಗೆ ಸಹಾಯದ ಮೊಕದ್ದಮೆಯಲ್ಲಿ ಇದೇ ಪ್ರಶ್ನೆ ಎದ್ದಿತು. ಆಕೆ ಸ್ವಂತ ಉದ್ಯೋಗ ಮಾಡುವವಳೆಂದು ನ್ಯಾಯಮಂಡಳಿ ಒಪ್ಪಿತು. ಬೀದಿಯಲ್ಲಿ ನಿಂತು ಮಾರುವುದು ಸೋಗಿನ ಭಿಕ್ಷೆಯಲ್ಲ, ಕೆಲಸ ಎಂದಾಯಿತು.

1994ರಲ್ಲಿ ಹುಟ್ಟಿದ ಬೀದಿ ಪತ್ರಿಕೆಗಳ ಅಂತರರಾಷ್ಟ್ರೀಯ ಕೂಟದಲ್ಲಿ ಇಂದು 30ಕ್ಕೂ ಹೆಚ್ಚು ದೇಶಗಳ ಪತ್ರಿಕೆಗಳಿವೆ. ಅವನ್ನು ಕೊಳ್ಳುವವರು ಒಂದು ಮಾತನ್ನು ಮರೆಯಬಾರದು: ಹಣ ಕೊಟ್ಟು ಪತ್ರಿಕೆ ಬೇಡವೆಂದರೆ ಮಾರುವವನನ್ನು ಮರಳಿ ಭಿಕ್ಷುಕನನ್ನಾಗಿ ಮಾಡಿದಂತೆ. ಪತ್ರಿಕೆಯನ್ನು ಕೈಗೆ ತೆಗೆದುಕೊಳ್ಳಬೇಕು, ಓದಬೇಕು. ಸರಕು ಪಡೆದು ಬೆಲೆ ತೆತ್ತಾಗಲೇ ಅವನ ದುಡಿಮೆಗೆ ಮರ್ಯಾದೆ.