ಕಡಲ ಮಂಜುಗಡ್ಡೆಯ ದಪ್ಪವನ್ನು ಅಳೆಯುವ ಬಗೆ



ತೇಲುವ ಮಂಜುಗಡ್ಡೆಯ ಹತ್ತರಲ್ಲೊಂದು ಪಾಲು ಮಾತ್ರ ನೀರಿನ ಮೇಲಿರುತ್ತದೆಂದು ನಾವು ತರಗತಿಯಲ್ಲಿ ಹೇಳುತ್ತೇವೆ, ಮಕ್ಕಳು ಬರೆದುಕೊಳ್ಳುತ್ತಾರೆ. ಉತ್ತರ ಧ್ರುವಸಾಗರದಲ್ಲಿ ಕೆಲಸ ಮಾಡುವವರಿಗೆ ಈ ವಾಕ್ಯ ಅಷ್ಟು ಸುಲಭವಾದುದಲ್ಲ.

ಹೆಪ್ಪುಗಟ್ಟಿದ ಕಡಲಿನ ವಿಸ್ತಾರ ಉಪಗ್ರಹಕ್ಕೆ ಕಾಣುತ್ತದೆ, ದಪ್ಪ ಕಾಣುವುದಿಲ್ಲ. 2010ರಲ್ಲಿ ಉಡಾವಣೆಗೊಂಡ ಕ್ರಯೋಸ್ಯಾಟ್-2 ನೀರಿನ ಮಟ್ಟದಿಂದ ಮೇಲಿರುವ ಎತ್ತರವನ್ನಷ್ಟೇ ಅಳೆಯುತ್ತದೆ, ಉಳಿದುದೆಲ್ಲ ಲೆಕ್ಕಾಚಾರ. ಕಡಲ ನೀರಿನ ಸಾಂದ್ರತೆ ಘನಮೀಟರಿಗೆ 1025 ಕಿ.ಗ್ರಾಂ., ಗಡ್ಡೆಯದು 915 ಕಿ.ಗ್ರಾಂ. ಎಂದಿಟ್ಟುಕೊಂಡರೆ ಒಟ್ಟು ದಪ್ಪವು ಮೇಲಿನ ಎತ್ತರದ ಒಂಬತ್ತು ಪಟ್ಟಿಗಿಂತ ತುಸು ಹೆಚ್ಚು. ಹಾಗಾಗಿ ಮೇಲೆ 1 ಸೆಂ.ಮೀ. ತಪ್ಪಿದರೆ ದಪ್ಪದಲ್ಲಿ 9 ಸೆಂ.ಮೀ. ತಪ್ಪುತ್ತದೆ. ಇದಲ್ಲದೆ ಗಡ್ಡೆಯ ಮೇಲೆ ಬಿದ್ದ ಹಿಮದ ಭಾರವೂ ಇದೆ. ಅಂಟಾರ್ಕ್ಟಿಕದಲ್ಲಿ ಆ ಭಾರಕ್ಕೆ ಗಡ್ಡೆಯ ಮೇಲ್ಮೈಯೇ ನೀರಿನ ಮಟ್ಟಕ್ಕಿಂತ ಕೆಳಗಿಳಿಯುವುದುಂಟು. ಅಲ್ಲಿ ನಮ್ಮ ಹತ್ತರಲ್ಲೊಂದು ಪಾಲನ್ನು ಎಲ್ಲಿ ಹುಡುಕುವುದು?

ಆದುದರಿಂದ ಮನುಷ್ಯನೇ ಗಡ್ಡೆಯ ಮೇಲೆ ನಡೆದುಹೋಗಬೇಕಾಗುತ್ತದೆ. ಸುಮಾರು 5 ಸೆಂ.ಮೀ. ಅಗಲದ ಬೈರಿಗೆಯಿಂದ ಗಡ್ಡೆಯನ್ನು ಆರಪಾರ ಕೊರೆಯುತ್ತಾರೆ. ತುದಿಯಲ್ಲಿ ಮಡಚುವ ಲೋಹದ ತುಂಡಿರುವ ಅಳತೆಪಟ್ಟಿಯನ್ನು ರಂಧ್ರದೊಳಗೆ ಬಿಡುತ್ತಾರೆ. ಅದು ಕೆಳಗೆ ನೀರಿಗೆ ಇಳಿದು ಅಡ್ಡವಾಗಿ ಬಿಚ್ಚಿಕೊಳ್ಳುತ್ತದೆ. ಮೇಲಕ್ಕೆಳೆದಾಗ ಗಡ್ಡೆಯ ತಳಕ್ಕೆ ತಗುಲಿ ನಿಲ್ಲುತ್ತದೆ. ಆಗ ದಪ್ಪವನ್ನು ಓದುತ್ತಾರೆ. ರಂಧ್ರದಲ್ಲಿ ಏರಿದ ನೀರಿನ ಮಟ್ಟವನ್ನೂ ಹಿಮದ ಆಳವನ್ನೂ ಬೇರೆಬೇರೆಯಾಗಿ ಬರೆದುಕೊಳ್ಳುತ್ತಾರೆ. ಕೊರೆಯುವುದು ನಿಧಾನದ ಕೆಲಸ. ಅದಕ್ಕಾಗಿ ವಿದ್ಯುತ್ಕಾಂತೀಯ ಉಪಕರಣವೊಂದನ್ನು ಜಾರುಬಂಡಿಯಲ್ಲಿ ಎಳೆದೊಯ್ಯುವುದೂ ಇದೆ. ಉಪ್ಪುನೀರು ವಿದ್ಯುತ್ತಿನ ಒಳ್ಳೆಯ ವಾಹಕ, ಗಡ್ಡೆ ಹಾಗಲ್ಲ. ಈ ವ್ಯತ್ಯಾಸದಿಂದ ನೀರು ಎಷ್ಟು ಕೆಳಗಿದೆಯೆಂದು ತಿಳಿಯುತ್ತದೆ. ಆದರೆ ಆ ಅಂತರದಲ್ಲಿ ಹಿಮವೂ ಸೇರಿರುವುದರಿಂದ ಅದರ ಆಳವನ್ನು ಕಳೆಯಲೇಬೇಕು. ಉಪಕರಣ ಸರಿಯಾಗಿದೆಯೇ ಎಂದು ನೋಡಲು ಮತ್ತೆ ಬೈರಿಗೆಯೇ ಬೇಕು.

ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಎಲ್ಲಿ ಕೊರೆಯಬೇಕೆಂಬ ಪ್ರಶ್ನೆ. ತೆಳುವಾದಲ್ಲಿ ಕಾಲಿಡಲು ಭಯ. ಗಡ್ಡೆಗಳು ಒತ್ತಿ ದಿಬ್ಬವಾದಲ್ಲಿ ಕೊರೆಯಲು ಶ್ರಮ. ಸಮತಟ್ಟಾದ ಜಾಗಗಳನ್ನೇ ಆರಿಸಿಕೊಂಡರೆ ಪ್ರತಿಯೊಂದು ಅಳತೆ ಸರಿಯಿದ್ದೂ ಸರಾಸರಿ ಸುಳ್ಳಾಗುತ್ತದೆ. ಆದುದರಿಂದ ಮೊದಲೇ ಒಂದು ರೇಖೆಯನ್ನು ಗುರುತಿಸಿ, ಸಮಾನ ಅಂತರದಲ್ಲಿ, ದಿಬ್ಬ ಬಂದರೂ ಬಿಡದೆ ಅಳೆಯುತ್ತಾರೆ. ಸುರಕ್ಷತೆಗಾಗಿ ಬಿಟ್ಟ ಜಾಗವಿದ್ದರೆ ಬಿಟ್ಟುದಾಗಿಯೇ ಬರೆಯುತ್ತಾರೆ.

ನಾನು ನೋಡಿದ ಅನೇಕ ಪ್ರಯೋಗ ಪುಸ್ತಕಗಳಲ್ಲಿ ಎಲ್ಲ ಮಕ್ಕಳ ಅಳತೆಯೂ ಒಂದೇ ಆಗಿರುತ್ತದೆ. ತಪ್ಪು ಅವರದಲ್ಲ, ‘ಸರಿಯಾದ ಉತ್ತರ’ಕ್ಕೆ ಅಂಕ ಕೊಟ್ಟವರು ನಾವು. ಮಳೆಗಾಲದಲ್ಲಿ ಶಾಲೆಯ ಅಂಗಳದಲ್ಲಿ ನೀರು ನಿಂತಾಗ ಹೀಗೆ ಮಾಡಿನೋಡಿ: ಒಂದು ಗುಂಪು ತನಗೆ ಬೇಕಾದಲ್ಲಿ ಹತ್ತು ಕಡೆ ಆಳ ಅಳೆಯಲಿ, ಇನ್ನೊಂದು ಗುಂಪು ಹಗ್ಗ ಕಟ್ಟಿ, ಗೇಣಿಗೊಂದರಂತೆ ಅಳೆಯಲಿ. ಎರಡು ಸರಾಸರಿಗಳನ್ನೂ ಕರಿಹಲಗೆಯ ಮೇಲೆ ಬರೆಯಿರಿ. ಯಾವುದು ಸರಿಯೆಂದು ನೀವು ಮೊದಲು ಹೇಳಬೇಡಿ.